ಎಡಗಾಳಿ ಮತ್ತು ಮಾವನ ಜೋಡುನಳಿಗೆ

ನನ್ನ ತಂಗಿಯ ಗಂಡನಿಗೆ ಶೂಟಿಂಗ್ ಕ್ಲಬ್ಬಿನಲ್ಲಿ ಇರುವ ಹೆಸರು ಎಡಗಾಳಿ. ಈ ಹೆಸರಿಟ್ಟವರು ಯಾರೆಂದು ಕೇಳಿದರೆ ಅಲ್ಲಿ ಎಲ್ಲರೂ ಮುಂದೆ ಬರುತ್ತಾರೆ. ಅಭ್ಯಾಸಕ್ಕೆಂದು ಯಂತ್ರದಿಂದ ಹಾರಿಸುವ ಮಣ್ಣಿನ ತಟ್ಟೆಗೆ ಈಡು ಹೊಡೆದು, ಗುರಿ ತಪ್ಪಿ, ತಟ್ಟೆ ಮೈಮೇಲೆ ಒಂದು ಗೀರೂ ಇಲ್ಲದೆ ಹುಲ್ಲಿನ ಮೇಲೆ ಹೋಗಿ ಕೂತ ಮೇಲೆ, ಅವನು ಕೋವಿ ಇಳಿಸಿ, ತೋರುಬೆರಳನ್ನು ನಾಲಗೆಗೆ ಮುಟ್ಟಿಸಿ ಮೇಲಕ್ಕೆತ್ತಿ, "ಗಾಳಿ ಎಡಕ್ಕೆ ಎಳೀತು" ಎನ್ನುತ್ತಿದ್ದ. ಎಲೆ ಅಲುಗಾಡದ ದಿನವೂ ಎನ್ನುತ್ತಿದ್ದ. ಚರೆಯೆಂದರೆ ಹತ್ತಿಯಲ್ಲ, ಸೀಸದ ಕಾಳು, ಅಷ್ಟು ಹತ್ತಿರದ ತಟ್ಟೆಗೆ ಹೊಡೆದ ಚರೆಯನ್ನು ಗಾಳಿ ಎತ್ತಿಕೊಂಡು ಹೋಗುವುದಿಲ್ಲ ಎಂದು ತಿಳಿಹೇಳಲು ಹೋದವರಿಗೆ ಅವನೇ ಗಾಳಿಯ ವಿಷಯವಾಗಿ ಇನ್ನಷ್ಟು ದೀರ್ಘವಾಗಿ ತಿಳಿಹೇಳಿ ಕಳಿಸುತ್ತಿದ್ದ.

ಕಸುಬಿನಲ್ಲಿ ಅವನು ಕನ್ನಡಕದವನು. ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಬೇಕರಿಗೂ ಬೀಗದ ಅಂಗಡಿಗೂ ನಡುವೆ ಅವನದೊಂದು ಉದ್ದನೆಯ, ಕಿರಿದಾದ ಅಂಗಡಿ. ಮುಂದುಗಡೆ ಗಾಜಿನ ಕಪಾಟುಗಳಲ್ಲಿ ಫ್ರೇಮುಗಳು. ಪರದೆಯ ಹಿಂದೆ ಕಣ್ಣು ಪರೀಕ್ಷಿಸುವ ಕೋಣೆ. ಕೋಣೆಯ ಒಂದು ತುದಿಯಲ್ಲಿ ಗಿರಾಕಿ ಕೂರುವ ಎತ್ತರದ ಕುರ್ಚಿ, ಇನ್ನೊಂದು ತುದಿಯ ಗೋಡೆಗೆ ಒಳಗಿನಿಂದ ದೀಪ ಬೆಳಗುವ ಅಕ್ಷರಗಳ ಪೆಟ್ಟಿಗೆ. ಕೆಲಸದಲ್ಲಿ ಅವನ ಬಗ್ಗೆ ಎರಡು ಮಾತಿಲ್ಲ. ಗಾಜು ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಕೂರಿಸುತ್ತಾನೆ. ಮುಂದಿನ ಕಪಾಟುಗಳ ಉಸ್ತುವಾರಿ ನನ್ನ ತಂಗಿಯದು. "ಈ ಫ್ರೇಮು ಹಾಕ್ಕೊಂಡ್ರೆ ನೀವು ನಿಮ್ಮ ಸಾಲಗಾರರ ಥರ ಕಾಣ್ತೀರಿ" ಎಂದು ಗಿರಾಕಿಯ ಮುಖಕ್ಕೇ ಹೇಳಿ, ಮತ್ತೊಂದನ್ನು ಕೊಟ್ಟು ಕಳಿಸುವ ಧೈರ್ಯ ಅವಳಿಗಿದೆ.

ಪರದೆಯ ಹಿಂದೆ ಹೋದ ಗಿರಾಕಿಯ ಪಾಡು ಬೇರೆ. ಗಲ್ಲವನ್ನು ಯಂತ್ರದ ಮೇಲೆ ಊರಿ, ಹಣೆಯನ್ನು ಪಟ್ಟಿಗೆ ಒತ್ತಿ, ಅಲುಗಾಡದೆ ಕೂತಿರಬೇಕು. ಅಂಥವರು ಸಿಕ್ಕರೆ ನಮ್ಮ ಕನ್ನಡಕದವನಿಗೆ ಮಾತಿನ ಹುರುಪೇರುತ್ತದೆ.

"ಈ ಗಾಜಲ್ಲಿ ಸ್ಪಷ್ಟ ಇದೆಯಾ? ಇದರಲ್ಲಿ? ಬಾತುಕೋಳಿಗೆ ಐದನೇ ನಂಬರ್ ಚರೆ ಅಂತಾರೆ ನೋಡಿ, ನಾನು ಒಪ್ಪಲ್ಲ. ಈಗ ಸ್ಪಷ್ಟ ಇದೆಯಾ? ತಲೆ ಅಲ್ಲಾಡಿಸ್ಬೇಡಿ. ಮೊಲಕ್ಕೆ ಒಂಟಿನಳಿಗೆ ಸಾಕು, ಆದ್ರೆ ಹಾರೋ ಹಕ್ಕಿಗೆ ಎರಡನೇ ಈಡು ಬೇಕೇ ಬೇಕು. ಕೊನೇ ಸಾಲು ಓದಿ."

ಓದುವ ಕನ್ನಡಕಕ್ಕೆಂದು ಬಂದ ಹೆಡ್‌ಮೇಷ್ಟ್ರ ಹೆಂಡತಿಯೊಬ್ಬರು ಹೊರಗೆ ಬಂದು, "ನಿಮ್ಮ ಯಜಮಾನ್ರು ದಿನಾ ಎಷ್ಟು ಹಕ್ಕಿ ಹೊಡೀತಾರಮ್ಮಾ?" ಎಂದು ಕೇಳಿದ್ದರು. ನನ್ನ ತಂಗಿ ಚೀಟಿ ಬರೆಯುತ್ತಲೇ, "ಹಕ್ಕಿಗಳಿಗೆ ಅವರಿಂದ ಏನೂ ತೊಂದರೆ ಇಲ್ಲ" ಎಂದಳು.

ನಮ್ಮಪ್ಪನ ವಿಷಯ ಹೇಳದೆ ಇದನ್ನೆಲ್ಲ ಮುಂದುವರಿಸುವಂತಿಲ್ಲ. ನಮ್ಮಪ್ಪ ಕೋವಿ ಅಂಗಡಿಯವರು. ನಾವು ಹುಟ್ಟಿದ್ದು, ಓದಿದ್ದು, ಈಗ ನಾನು ನಿವೃತ್ತಳಾಗಿ ಬಂದು ಕೂತಿರುವುದು ಎಲ್ಲ ಆ ಅಂಗಡಿಯ ಮೇಲಿನ ಮನೆಯಲ್ಲಿ. ಕೆಳಗೆ ಸರಪಳಿ ಹಾಕಿದ ಕೋವಿಗಳ ಸಾಲು, ಬಣ್ಣಬಣ್ಣದ ತೋಟಾಗಳ ಗಾಜಿನ ಪೆಟ್ಟಿಗೆ, ನಳಿಗೆ ಉಜ್ಜುವ ಕಡ್ಡಿಗಳು, ಎಣ್ಣೆಯ ವಾಸನೆ. ಆ ವಾಸನೆ ನಮ್ಮ ಪುಸ್ತಕಗಳಿಗೂ ಅಂಟಿಕೊಂಡಿತ್ತು. ಅಪ್ಪನದೊಂದು ಪದ್ಧತಿಯಿತ್ತು. ಕೊಳ್ಳಲು ಬಂದವರು ಎಂಥ ದೊಡ್ಡ ಮನುಷ್ಯರಾದರೂ ಸರಿ, ಮೊದಲು ಅಂಗಡಿಯ ಆ ತುದಿಯಲ್ಲಿ ನಿಲ್ಲಿಸಿ, ತಾವು ಈ ತುದಿಯಲ್ಲಿ ನಿಂತು, "ಎರಡೂ ಕಣ್ಣು ಬಿಟ್ಟುಕೊಂಡು ನನ್ನ ಮೂಗು ತೋರಿಸಿ" ಎನ್ನುತ್ತಿದ್ದರು. ಗಿರಾಕಿ ನಗುತ್ತಾ ಬೆರಳು ಚಾಚುತ್ತಿದ್ದ. ಅಪ್ಪ ಒಂದು ಕ್ಷಣ ನೋಡಿ, ಆಮೇಲೇ ಸರಪಳಿಗೆ ಕೈ ಹಾಕುತ್ತಿದ್ದರು. ನಾವು ಅಕ್ಕತಂಗಿಯರು ಮೆಟ್ಟಿಲ ಮೇಲೆ ಕೂತು, ಬಂದವರೆಲ್ಲ ನಮ್ಮಪ್ಪನ ಮೂಗಿಗೆ ಬೆರಳು ತೋರಿಸುವುದನ್ನು ನೋಡುತ್ತಾ ಬೆಳೆದವರು.

ಮದುವೆಯಾದ ಹೊಸತರಲ್ಲಿ ಅಳಿಯನಿಗೆ ಕೋವಿಯ ಹುಚ್ಚು ಹತ್ತಿತು. ಮಾವನ ಅಂಗಡಿಗೇ ಬಂದು ಕೊಳ್ಳಬಹುದಿತ್ತು. ಆದರೆ ಮಾವ ದುಡ್ಡು ಮುಟ್ಟುವುದಿಲ್ಲ. ಬಿಟ್ಟಿ ಕೋವಿ ಹಿಡಿದವನೆಂಬ ಮಾತು ತನಗೆ ಬೇಡ. ಆದ್ದರಿಂದ ಬೇರೆ ಊರಿಗೆ ಹೋಗಿ, ಬೇರೆ ಅಂಗಡಿಯಲ್ಲಿ, ಗೋಡೆಯ ಮೇಲೆ ಯಾವುದು ಚೆನ್ನಾಗಿ ಕಂಡಿತೋ ಅದನ್ನು ತಂದ. ಅಪ್ಪ ಆ ಪೆಟ್ಟಿಗೆಯ ಮೇಲಿನ ಅಂಗಡಿಯ ಹೆಸರು ಓದಿದರು. ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದರಲ್ಲಿ ನಮ್ಮಪ್ಪ ನುರಿತವರು. ಒಂದು ಮಾತಿನ ಮೇಲೆ ಹತ್ತಾರು ವರ್ಷ ಸುಮ್ಮನಿರಬಲ್ಲರು. ಅಳಿಯನ ಕೈಯಲ್ಲಿ ಯಾವ ಕೋವಿ ಬಂದರೂ ಅವರು ಅದರ ಬಗ್ಗೆ ಬಾಯಿ ತುಂಬ ಗೇಲಿ ಮಾಡುತ್ತಿದ್ದರು. ಅದನ್ನು ಹಿಡಿದ ಕೈ, ಕೆನ್ನೆ, ಕಣ್ಣುಗಳ ಕಡೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ.

ಮೊದಲನೆಯದು ಪಂಪ್ ಕೋವಿ. ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಇನ್ನೊಂದು ತೋಟಾ ಮೇಲೆ ಬರುವಂಥದ್ದು. "ಸೈಕಲ್ಲಿಗೆ ಗಾಳಿ ಹೊಡೀತಿದ್ದಾರೆ" ಎಂದರು ಅಪ್ಪ. ಅದು ಗುರಿ ತಪ್ಪಿತು. ತಪ್ಪು ಕೋವಿಯದೆಂದು ಅದನ್ನು ಮಾರಿ, ತನಗೆ ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ತಂದ. ಭುಜಕ್ಕೆ ಒದೆತ ಕಡಿಮೆ, ಖಾಲಿ ತೋಟಾಗಳನ್ನು ಮಾತ್ರ ಪಕ್ಕದವರ ಕೊರಳಪಟ್ಟಿಯೊಳಗೆ ಉಗಿಯುತ್ತಿತ್ತು. "ಹೊಲಿಗೆ ಮಿಷನ್ನು" ಎಂದರು ಅಪ್ಪ. ಅದೂ ತಪ್ಪಿತು. ಮೂರನೆಯದು ನಳಿಗೆಗಳು ಒಂದರ ಮೇಲೊಂದು ಇರುವ ಹೊಸ ಮಾದರಿ. ಮಣ್ಣಿನ ತಟ್ಟೆಗೆ ಇದನ್ನು ಮೀರಿದ್ದಿಲ್ಲ, ನೋಟಕ್ಕೆ ಒಂದೇ ನಳಿಗೆ ಅಡ್ಡ ಬರುತ್ತದೆ, ಜಗತ್ತಿನ ಗುರಿಕಾರರೆಲ್ಲ ಇದನ್ನೇ ಹಿಡಿಯುತ್ತಾರೆ ಎಂದು ಅವನು ಊಟದ ಮೇಜಿನಲ್ಲಿ ಉಪನ್ಯಾಸ ಕೊಟ್ಟ.

"ಮಹಡಿ ಮನೆ ಕಟ್ಟಿಸಿದಿರಿ ಅನ್ನಿ" ಎಂದರು ಅಪ್ಪ. "ಒಳಗೆ ಯಾರಾದ್ರೂ ವಾಸ ಇದ್ದಾರಾ?"

ಒಂದು ವಿಚಿತ್ರವಿತ್ತು. ಬಲದಿಂದ ಎಡಕ್ಕೆ ಹಾರುವ ತಟ್ಟೆಗಳನ್ನು ಅವನು ಆಗಾಗ ಹೊಡೆದುಬಿಡುತ್ತಿದ್ದ. ಎಡಕ್ಕೆ ಹಾರುವ ಗುರಿಗೆ ತಾನು ಹುಟ್ಟಾ ಪಂಡಿತನೆಂದು ಅವನ ನಂಬಿಕೆ. ಆ ನಂಬಿಕೆಯೊಂದು ಇಲ್ಲದಿದ್ದರೆ ಅವನು ಎಂದೋ ಕೋವಿ ಬಿಟ್ಟು ಗಾಳಕ್ಕೆ ಕೈಹಾಕಿ ಮೀನುಗಳಿಗೆ ಸಾಂತ್ವನ ನೀಡುತ್ತಿದ್ದ.

ಒಂದು ಚಳಿಗಾಲ, ಬಾತುಕೋಳಿ ಬೇಟೆಗೆ ಪರವಾನಗಿ ಬಿಟ್ಟಿದ್ದ ವಾರ, ಅಪ್ಪ ಅವನನ್ನು ಕೆರೆಗೆ ಕರೆದುಕೊಂಡು ಹೋದರು. ಬೆಳಗಿನ ಮಂಜಿನಲ್ಲಿ ಜೊಂಡಿನ ಮರೆಯಲ್ಲಿ ಇಬ್ಬರೂ ಕೂತರು. ಹಕ್ಕಿಗಳು ನೇರ ಅವನ ಮುಂದೆಯೇ ಬಂದವು. ಅವನು ಎದ್ದು ಎರಡೂ ನಳಿಗೆ ಖಾಲಿ ಮಾಡಿದ. ಹಕ್ಕಿಗಳು ಬಂದ ಹಾಗೆಯೇ ಹೋದವು. ಹೊಡೆದ ಹಕ್ಕಿಯನ್ನು ತರಲೆಂದು ನೀರಿಗೆ ಧುಮುಕಿದ್ದ ಅಪ್ಪನ ನಾಯಿ, ಸ್ವಲ್ಪ ದೂರ ಈಜಿ, ತರಲು ಏನೂ ಇಲ್ಲವೆಂದು ಕಂಡು ಹಿಂದಿರುಗಿ, ಅವನ ಮೈಮೇಲೆಯೇ ನೀರು ಕೊಡವಿ, ಹೋಗಿ ಅಪ್ಪನ ಪಕ್ಕ ಕೂತಿತಂತೆ. ಆಮೇಲೆ ಎಷ್ಟು ಕರೆದರೂ ಅವನ ಕಡೆ ಹೋಗಲಿಲ್ಲವಂತೆ. ಈ ಕತೆಯನ್ನು ಅಪ್ಪ ಹೇಳಿದ್ದಲ್ಲ. ಅವನೇ ಹೇಳಿದ್ದು, ನಾಯಿಯ ಮೇಲೆ ದೂರಾಗಿ.

ಅಪ್ಪನ ಸ್ವಂತ ಕೋವಿ ಅಕ್ಕಪಕ್ಕ ನಳಿಗೆಗಳಿರುವ ಹಳೆಯ ಜೋಡುನಳಿಗೆ. ಎರಡು ಟ್ರಿಗರ್, ನೇರವಾದ ಹಿಡಿ, ಕೈಯಾಡಿ ಆಡಿ ಜೇನಿನ ಬಣ್ಣಕ್ಕೆ ತಿರುಗಿದ ಮರ. ಪಕ್ಕದ ಉಕ್ಕಿನ ಮೇಲೆ ಎರಡು ಬಾತುಕೋಳಿಗಳ ಕೆತ್ತನೆ. ಒಂದು ಬಾತುಕೋಳಿಯ ಹಾಗಿದೆ, ಇನ್ನೊಂದು ಕಾಗೆಯ ಹಾಗೆ. ಅಪ್ಪ ಎಡಚರು. ಎಡ ಭುಜಕ್ಕೆ ಕೋವಿ ಏರಿಸುವವರ ಕೆನ್ನೆಗೆ ಒಪ್ಪುವಂತೆ ಆ ಕೋವಿಯ ಹಿಂಬದಿಯ ಮರ ಒಂದಿಷ್ಟು ಎಡಕ್ಕೆ ವಾಲಿದೆ. ಮೇಲಿನಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುತ್ತದೆ. ಕನ್ನಡಕದವನು ಪಂಪನ್ನು, ಮಿಷನ್ನನ್ನು, ಮಹಡಿ ಮನೆಯನ್ನು ಹೊಗಳಿದ್ದೆಲ್ಲ ಬಾಯಿಮಾತು. ಅವನ ಜೀವವೆಲ್ಲ ಇದ್ದದ್ದು ಈ ಕೋವಿಯ ಮೇಲೆ. ಅಂಗಡಿಗೆ ಬಂದಾಗಲೆಲ್ಲ, ಬೇರೇನನ್ನೋ ನೋಡುವವನಂತೆ ನಟಿಸುತ್ತಾ ಅದರ ಮುಂದೆ ಹೋಗಿ ನಿಲ್ಲುತ್ತಿದ್ದ.

ಹೋದ ಚಳಿಗಾಲ ಅಪ್ಪನ ಭುಜದ ಕೀಲು ಕೈಕೊಟ್ಟಿತು. ಇನ್ನು ಒಂದು ಈಡೂ ಹೊಡೆಯಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅಪ್ಪ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಮೂರನೆಯ ದಿನ ಊಟಕ್ಕೆ ಕೂತಾಗ, "ಕೋವಿ ಇರೋದು ಗೋಡೆ ಸಿಂಗಾರಕ್ಕಲ್ಲ. ಅದನ್ನ ಹಿಡಿಯೋರಿಗೆ ಕೊಟ್ಟುಬಿಡ್ತೀನಿ" ಎಂದರು.

ಅಳಿಯನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. "ಮಾವ, ನಾನು..."

"ನೀವು ಬಲಗಡೆಯವರು, ಅಳಿಯಂದ್ರೇ. ಅದು ನಿಮಗೆ ಕೂರಲ್ಲ."

"ಕೂರಿಸ್ಬಹುದು ಮಾವ. ಬಿಸಿ ಎಣ್ಣೆ ಹಾಕಿ ಹಾಕಿ ಮರ ಮೆತ್ತಗೆ ಮಾಡಿ, ನಿಧಾನಕ್ಕೆ ಈ ಕಡೆ ಬಗ್ಗಿಸೋರಿದ್ದಾರೆ. ಬಗ್ಗಿಸಿದ್ದು ಗೊತ್ತೇ ಆಗಲ್ಲ."

"ಯಾರಿಗೆ ಗೊತ್ತಾಗಲ್ಲ? ಕೋವಿಗಾ?" ಅಪ್ಪ ನೀರಿನ ಲೋಟ ಕೆಳಗಿಟ್ಟರು. "ನಿಮ್ಮ ಕತ್ತಿಗೂ ಬಿಸಿ ಎಣ್ಣೆ ಹಾಕಿ ನಿಧಾನಕ್ಕೆ ಬಗ್ಗಿಸೋಣ ಬನ್ನಿ. ನಿಮಗೆ ಗೊತ್ತಾಗುತ್ತೋ ಇಲ್ವೋ ನೋಡೋಣ."

ಅಷ್ಟಕ್ಕೆ ಮಾತು ಮುಗಿಯಿತು. ಮುಗಿಯದ್ದು ಅವನ ಮುಖದ ಶೋಕ. ಅಂಥ ಮುಖ ಹೊತ್ತುಕೊಂಡು ಅಂಗಡಿಯಲ್ಲಿ ಕೂತರೆ ಕಣ್ಣು ಸರಿಯಿದ್ದವರಿಗೂ ಏನೋ ಕಾಯಿಲೆಯಿದೆಯೆಂದು ದಿಗಿಲಾಗುತ್ತದೆಂದು ನನ್ನ ತಂಗಿ ಒಂದೆರಡು ದಿನ ಅವನನ್ನು ಮನೆಯಲ್ಲೇ ಇರಿಸಿದಳು.

ಸುದ್ದಿ ಕ್ಲಬ್ಬಿಗೆ ಮುಟ್ಟಿ, ಕೋವಿ ಕೇಳಿಕೊಂಡು ಮೊದಲು ಮೆಟ್ಟಿಲು ಹತ್ತಿದವರು ಹಲ್ಲಿನ ಡಾಕ್ಟರು. ನೀಳವಾದ ಆಳು, ಎಡಚರು, ಕ್ಲಬ್ಬಿನಲ್ಲಿ ಅವರನ್ನು ಮೀರಿಸಿದ ಗುರಿಕಾರರಿಲ್ಲ. ಗಿರಾಕಿಯ ಬಾಯಿ ತೆರೆಸಿ, ಅದರೊಳಗೆ ಎರಡು ಸಲಕರಣೆಯಿಟ್ಟು, ಆಮೇಲೆ ಪ್ರಶ್ನೆ ಕೇಳುವುದು ಅವರ ಅಭ್ಯಾಸ. ಎದುರು ಮಾತಾಡಲಾಗದವರ ಜೊತೆ ಮಾತಾಡುವ ವಿಷಯದಲ್ಲಿ ಅವರೂ ನಮ್ಮ ಕನ್ನಡಕದವನೂ ಒಂದೇ ಗರಡಿಯವರು. ಬಹುಶಃ ಅದಕ್ಕೇ ಒಬ್ಬರಿಗೊಬ್ಬರನ್ನು ಕಂಡರೆ ಆಗುತ್ತಿರಲಿಲ್ಲ.

"ಚಳಿಗಾಲದ ಕೊನೇ ಭಾನುವಾರ ಬನ್ನಿ" ಎಂದರು ಅಪ್ಪ. "ಎತ್ತಿ ನೋಡಿ. ಅದಕ್ಕೆ ನೀವು ಒಪ್ಪಿಗೆಯಾದ್ರೆ ತಗೊಂಡು ಹೋಗಿ. ಒಂದೇ ಮಾತು, ಅದರ ಮೈ ತಿದ್ದಬಾರದು."

ಡಾಕ್ಟರು ಮೆಟ್ಟಿಲಿಳಿಯುವಾಗ ಎದುರಿಗೆ ಕನ್ನಡಕದವನು ಸಿಕ್ಕ. "ಏನು ಕನ್ನಡಕದೋರೇ, ಹೊರಗಡೆ ಗಾಳಿ ಹೇಗಿದೆ?" ಎಂದು ಕೇಳಿ ಡಾಕ್ಟರು ಟೋಪಿ ಹಾಕಿಕೊಂಡು ಹೊರಟುಹೋದರು.

ಆ ಚಳಿಗಾಲ ಅರ್ಧ ಕಳೆದಾಗ, ಒಂದು ಮಧ್ಯಾಹ್ನ, ಅಕ್ಷರದ ಪೆಟ್ಟಿಗೆಯೊಳಗಿನ ಒಂದು ದೀಪ ಕೆಟ್ಟಿತು. ಗಿರಾಕಿಗಳಿರಲಿಲ್ಲ. ನನ್ನ ತಂಗಿ ಸ್ಟೂಲು ಹಾಕಿಕೊಂಡು ಪೆಟ್ಟಿಗೆಯ ಪಕ್ಕ ನಿಂತು ಮುಚ್ಚಳ ತೆಗೆದಳು. ಅವನು ದೂರದಿಂದ ನೋಡಿ ಹೇಳುತ್ತೇನೆಂದು ಗಿರಾಕಿಯ ಕುರ್ಚಿಯಲ್ಲಿ ಹೋಗಿ ಕೂತ. ಅಷ್ಟು ವರ್ಷಗಳ ಸಂಸಾರದಲ್ಲಿ ಅವನು ಆ ಕುರ್ಚಿಯಲ್ಲಿಯೂ ಅವಳು ಆ ಗೋಡೆಯ ಬಳಿಯೂ ಒಟ್ಟಿಗೆ ಇದ್ದದ್ದು ಅದೇ ಮೊದಲು.

"ಯಾವುದ್ರೀ?"

"ಅದೇ, ಮೇಲಿಂದ ಎರಡನೇದು. ಅದಲ್ಲ. ನನ್ನ ಬೆರಳು ನೋಡು, ಅದು!"

ಅವಳು ಬೆರಳು ನೋಡಿದಳು. ಅವನು ಬಲಗೈ ಚಾಚಿ, ಎರಡೂ ಕಣ್ಣು ಬಿಟ್ಟುಕೊಂಡು, ಅವಳ ಮೂಗಿನ ಪಕ್ಕದ ದೀಪವನ್ನು ತೋರಿಸುತ್ತಿದ್ದ. ಆ ಬೆರಳಿನ ತುದಿ ಅವನ ಎಡಗಣ್ಣಿಗೆ ಸರಿಯಾಗಿ ಅಡ್ಡ ನಿಂತಿತ್ತು.

ನನ್ನ ತಂಗಿ ಸ್ಟೂಲಿನಿಂದ ಇಳಿದಳು. "ರೀ, ಕೈ ಇಳಿಸಿ. ಈಗ ನನ್ನ ಮೂಗು ತೋರಿಸಿ."

"ದೀಪ ಹಾಕು ಅಂದ್ರೆ ಮೂಗು ತೋರಿಸು ಅಂತಾಳಲ್ಲ!"

"ತೋರಿಸ್ತೀರೋ ಇಲ್ವೋ?"

ತೋರಿಸಿದ. ಮತ್ತೆ ಎಡಗಣ್ಣು. ಬೆರಳು ಬಲಗೈಯದು, ಅದರ ಹಿಂದಿನ ಕಣ್ಣು ಎಡಗಡೆಯದು. ಅವಳು ಗೋಡೆಗೊರಗಿ ನಗಲು ಶುರುಮಾಡಿದವಳು, ಬೇಕರಿಯವನು ಏನಾಯಿತೆಂದು ಬಂದು ಇಣುಕುವವರೆಗೂ ನಿಲ್ಲಿಸಲಿಲ್ಲ.

ಸಂಗತಿ ಇಷ್ಟೇ. ಎರಡು ಕೈಗಳಲ್ಲಿ ಒಂದು ಮುಂದಾಗುವ ಹಾಗೆ ಎರಡು ಕಣ್ಣುಗಳಲ್ಲೂ ಒಂದು ಮುಂದಾಗುತ್ತದೆ. ಅಪ್ಪ ಅದನ್ನು ಯಜಮಾನ ಕಣ್ಣು ಎನ್ನುತ್ತಾರೆ. ಬೆರಳು ಯಾವ ಕಣ್ಣಿಗೆ ಅಡ್ಡ ನಿಲ್ಲುತ್ತದೋ ಅದು ಯಜಮಾನ; ಕೋವಿ ಆ ಕಡೆಯ ಭುಜಕ್ಕೆ ಹೋಗಬೇಕು. ಬಹಳಷ್ಟು ಜನರಿಗೆ ಕೈಯೂ ಕಣ್ಣೂ ಒಂದೇ ಕಡೆ. ಇವನಿಗೆ ಕೈ ಬಲ, ಕಣ್ಣು ಎಡ. ಬಲ ಭುಜದಲ್ಲಿ ಕೋವಿಯಿಟ್ಟು ಎಡಗಣ್ಣಿನ ಮಾತು ಕೇಳಿದರೆ ನಳಿಗೆ ತಾನಾಗಿ ಎಡಕ್ಕೆ ಹೋಗುತ್ತದೆ. ಎಡಕ್ಕೆ ಹಾರುವ ತಟ್ಟೆಯಾದರೆ, ಅದು ತಾನಾಗಿಯೇ ಬಂದು ಚರೆಯೊಳಗೆ ಬೀಳುತ್ತದೆ. ಪಾಂಡಿತ್ಯದ ಗುಟ್ಟು ಇದು.

ಇದನ್ನು ಅವನು ಹೇಗೆ ಕಾಣದೆ ಹೋದ? ಕನ್ನಡಕದವರು ಒಂದು ಕಣ್ಣಿಗೆ ಮುಚ್ಚಳ ಹಾಕಿ ಇನ್ನೊಂದನ್ನು ಪರೀಕ್ಷಿಸುತ್ತಾರೆ. ಊರಿನ ಕಣ್ಣುಗಳನ್ನೆಲ್ಲ ಹಾಗೆ ಒಂದೊಂದಾಗಿ ನೋಡಿದವನು, ತನ್ನೆರಡು ಕಣ್ಣುಗಳು ಜೊತೆಯಲ್ಲಿದ್ದಾಗ ಏನು ಮಾಡುತ್ತವೆಂದು ವಿಚಾರಿಸಿಯೇ ಇರಲಿಲ್ಲ. ನಮ್ಮಪ್ಪ ವಿಚಾರಿಸುತ್ತಿದ್ದರು, ಇವನು ಅವರ ಅಂಗಡಿಯಲ್ಲಿ ಒಂದೇ ಒಂದು ಸಲ ಗಿರಾಕಿಯಾಗಿ ನಿಂತಿದ್ದರೆ.

ಅವನು ಮೊದಲು ಒಪ್ಪಲಿಲ್ಲ. ರಟ್ಟಿನಲ್ಲಿ ತೂತು ಮಾಡಿ ಅದರೊಳಗಿನಿಂದ ಗೋಡೆಯ ಗಡಿಯಾರ ನೋಡಿದ. ಎಡಗಣ್ಣು ಮುಚ್ಚಿದರೆ ಗಡಿಯಾರ ಮಾಯ. ಬೇರೆ ರಟ್ಟು ತಂದ. ಆ ರಟ್ಟೂ ಅದನ್ನೇ ಹೇಳಿತು. ಕೊನೆಗೆ ಕುರ್ಚಿಯಲ್ಲಿ ಕುಸಿದು, "ಹಾಗಾದ್ರೆ ಪಂಪಿಂದು ತಪ್ಪಿರಲಿಲ್ಲ" ಎಂದ. ಕೈಯಲ್ಲಿದ್ದ ರಟ್ಟನ್ನು ತಿರುಗಿಸುತ್ತಾ, "ಆ ಮಿಷನ್ನಿಂದೂ ಇರಲಿಲ್ಲ ಕಣೇ, ಪಾಪ" ಎಂದ.

"ಗಾಳೀದು?" ಎಂದಳು ನನ್ನ ತಂಗಿ.

ಅವನು ಎದ್ದು ಎರಡೂ ರಟ್ಟುಗಳನ್ನು ಕಸದ ಬುಟ್ಟಿಗೆ ಹಾಕಿದ.

ಇದಕ್ಕೆ ಸುಲಭದ ಮದ್ದೊಂದಿದೆ. ಕನ್ನಡಕದ ಎಡಗಾಜಿನ ಮೇಲೆ ಒಂದು ತುಂಡು ಮಸುಕು ಟೇಪು ಅಂಟಿಸಿದರೆ ಯಜಮಾನ ಕಣ್ಣಿಗೆ ನಳಿಗೆಯ ತುದಿ ಕಾಣುವುದಿಲ್ಲ. ಆಗ ಬಲಗಣ್ಣು ಬಂದು ಅಧಿಕಾರ ವಹಿಸಿಕೊಳ್ಳುತ್ತದೆ. ಮುಂದಿನ ಭಾನುವಾರ ಅವನು ಟೇಪು ಅಂಟಿಸಿಕೊಂಡು ಕ್ಲಬ್ಬಿಗೆ ಹೋದ. ಊರಿಗೆಲ್ಲ ಕನ್ನಡಕ ಮಾಡಿಕೊಡುವವನು ಒಡೆದ ಗಾಜಿಗೆ ಪಟ್ಟಿ ಹಚ್ಚಿದವನಂತೆ ಬಂದದ್ದನ್ನು ನೋಡಿ ಹಲ್ಲಿನ ಡಾಕ್ಟರು, "ವ್ಯಾಪಾರ ಅಷ್ಟು ಕುಸಿದಿದೆಯಾ?" ಎಂದು ಕಾಳಜಿಯಿಂದ ಕೇಳಿದರು.

ಅವನು ಹೋಗಿ ನಿಂತು, ಮಹಡಿ ಮನೆಯನ್ನು ಭುಜಕ್ಕೇರಿಸಿ, "ಬಿಡಿ" ಎಂದ. ಗುಂಡಿಯೊಳಗೆ ಕೂತು ತಟ್ಟೆ ಹಾರಿಸುವ ಹೆಂಗಸು ಎಂದಿನಂತೆ ಹೆಣಿಗೆಯ ಕಡ್ಡಿ ಕೆಳಗಿಡದೆಯೇ ಸನ್ನೆಗೋಲು ಒತ್ತಿದಳು. ತಟ್ಟೆ ಗಾಳಿಯಲ್ಲೇ ಪುಡಿಯಾಯಿತು. ಇನ್ನೊಂದು, ಅದೂ. ನಾಲ್ಕನೆಯದಕ್ಕೆ ಆಕೆ ಹೆಣಿಗೆ ಪಕ್ಕಕ್ಕಿಟ್ಟು, ಗುಂಡಿಯಿಂದ ತಲೆ ಹೊರಗೆ ಹಾಕಿ, "ಯಾರ್ರೀ ಅದು ಹೊಡೀತಿರೋದು?" ಎಂದು ಕೂಗಿದಳು. "ಎಡಗಾಳಿ" ಎಂದರು ಯಾರೋ. "ಸುಳ್ಳು ಹೇಳ್ಬೇಡಿ" ಎಂದಳು.

ಮನೆಗೆ ಬಂದಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಜೀವಮಾನವಿಡೀ ಬಯಸಿದ್ದು ಒಂದು ತುಂಡು ಟೇಪಿನಲ್ಲಿ ಕೈಗೆ ಬಂದಿತ್ತು. ಅವತ್ತು ರಾತ್ರಿ ನಮ್ಮಲ್ಲಿ ಊಟಕ್ಕೆ ಕೂತಾಗ ಅಪ್ಪ, "ಚೆನ್ನಾಗಿ ಹೊಡೆದ್ರಂತೆ" ಎಂದರು. ಅವರ ಬಾಯಲ್ಲಿ ಅದು ಸನ್ಮಾನ ಪತ್ರ.

ಆದರೆ ಜೋಡುನಳಿಗೆ ಅಲ್ಲೇ ಗೋಡೆಯ ಮೇಲಿತ್ತು. ಬಲಗಡೆಯವನಾಗಿಯೇ ಉಳಿದರೆ ತಟ್ಟೆಗಳು ಇವನವು, ಕೋವಿ ಡಾಕ್ಟರದು. ಕೋವಿ ಬೇಕೆಂದರೆ ಟೇಪು ಕಿತ್ತು, ಎಡ ಭುಜಕ್ಕೆ ಬಂದು, ಅ ಆ ಇ ಈಯಿಂದ ಶುರುಮಾಡಬೇಕು. ಅದೂ ಇದೀಗ ತಾನೇ ಗೆದ್ದುಕೊಂಡ ಮಾನವನ್ನೆಲ್ಲ ಅದೇ ಜನರ ಮುಂದೆ ಕಳೆದುಕೊಂಡು. ಅವನು ವಾರವಿಡೀ ಗಿರಾಕಿಗಳ ಮುಂದೆ ಮೌನವಾಗಿದ್ದನೆಂದು ನನ್ನ ತಂಗಿ ಹೇಳಿದಳು. ಹೆಡ್‌ಮೇಷ್ಟ್ರ ಹೆಂಡತಿ ಕನ್ನಡಕ ತೆಗೆದುಕೊಂಡು ಹೋಗಲು ಬಂದವರು, ಯಾರಾದರೂ ಹೋಗಿಬಿಟ್ಟರಾ ಎಂದು ಮೆಲ್ಲಗೆ ವಿಚಾರಿಸಿದರಂತೆ.

ಶುಕ್ರವಾರ ಸಂಜೆ ಕೆಳಗಿನ ಅಂಗಡಿಯ ಗಂಟೆ ಬಾರಿಸಿತು. ನಾನು ಮೆಟ್ಟಿಲಿನ ಮೇಲೆ ಪತ್ರಿಕೆ ಓದುತ್ತಾ ಕೂತಿದ್ದೆ. ಬೆಳಕು ಅಲ್ಲಿಯೇ ಚೆನ್ನಾಗಿರುತ್ತದೆ. ಕನ್ನಡಕದವನು ಮನೆಯ ಬಾಗಿಲಿನಿಂದಲ್ಲ, ರಸ್ತೆಯ ಕಡೆಯ ಬಾಗಿಲಿನಿಂದ ಒಳಗೆ ಬಂದಿದ್ದ, ಗಿರಾಕಿಗಳು ಬರುವ ಹಾಗೆ. ಕನ್ನಡಕದ ಗಾಜಿನ ಮೇಲೆ ಟೇಪು ಇರಲಿಲ್ಲ.

"ಮಾವ, ನನಗೆ ಎಡಗಡೆಯಿಂದ ಹೊಡೆಯೋದು ಹೇಳಿಕೊಡಿ."

ಅಪ್ಪ ಎಣ್ಣೆಬಟ್ಟೆ ಕೆಳಗಿಟ್ಟರು. "ಅಂಗಡಿ ಇಷ್ಟು ವರ್ಷದಿಂದ ಇಲ್ಲೇ ಇದೆ, ಅಳಿಯಂದ್ರೇ. ಬಾಗಿಲು ಇವತ್ತು ಕಾಣಿಸ್ತಾ?"

"ಇವತ್ತು ಕಾಣಿಸ್ತು ಮಾವ."

"ಕಣ್ಣಿನ ವ್ಯಾಪಾರ ಮಾಡೋರಿಗೇ ಹೀಗಾದ್ರೆ..." ಎಂದು ಅಪ್ಪ ತಲೆಯಾಡಿಸಿದರು. ಆಮೇಲೆ ಎದ್ದು, ಕಷ್ಟಪಟ್ಟು ಅಂಗಡಿಯ ಆ ತುದಿಗೆ ನಡೆದುಹೋಗಿ ತಿರುಗಿ ನಿಂತರು. "ಎರಡೂ ಕಣ್ಣು ಬಿಟ್ಟುಕೊಳ್ಳಿ. ನನ್ನ ಮೂಗು ತೋರಿಸಿ."

"ಮಾವ, ಅದು ಎಡ ಅಂತ ಈಗಾಗ್ಲೇ..."

"ನಿಮ್ಮ ಹೆಂಡತಿ ನೋಡಿದ್ದು ನಿಮ್ಮ ಅಂಗಡೀಲಿ. ಇದು ನನ್ನ ಅಂಗಡಿ. ತೋರಿಸಿ."

ಅವನು ತೋರಿಸಿದ. ಅಪ್ಪ ಬಹಳ ಹೊತ್ತು ನೋಡಿದರು, ಬೇಕಾದ್ದಕ್ಕಿಂತ ಬಹಳ ಹೊತ್ತು. ನಂತರ, "ನೋಡೇ" ಎಂದು ನನ್ನ ಕಡೆ ತಿರುಗಿ, "ನಮ್ಮ ಅಳಿಯ ಎಡಗಣ್ಣಿನವನು ಅಂತ ಒಬ್ಬರಾದ್ರೂ ಹೇಳಿದ್ರಾ ನನಗೆ?" ಎಂದು ತಪ್ಪನ್ನು ನನಗೆ ವರ್ಗಾಯಿಸಿ ಸರಪಳಿಗೆ ಕೈಹಾಕಿದರು.

ಆಮೇಲಿನ ದಿನಗಳಲ್ಲಿ ಪ್ರತಿ ಸಂಜೆ ಕೆಳಗಿನಿಂದ ಒಂದೇ ಸದ್ದು. ಖಾಲಿ ಕೋವಿ ಮೇಲೇರುವುದು, ಕೆನ್ನೆಗೆ ತಾಗುವುದು, "ಆಯ್" ಎನ್ನುವುದು, ಇಳಿಯುವುದು. ಬಲಗೈ ಹಿಂದಿನ ಅಭ್ಯಾಸಕ್ಕೆ ಟ್ರಿಗರಿನ ಕಡೆ ಓಡುತ್ತಿತ್ತು. ಎಡಗೈ ತನಗೆ ಹೇಳಿದ್ದೆಂದು ತಿಳಿಯದೆ ಸುಮ್ಮನಿರುತ್ತಿತ್ತು. "ಕೋವಿನ ಕೆನ್ನೆಗೆ ತನ್ನಿ, ಕೆನ್ನೇನ ಕೋವಿಗೆ ಕೊಡಬೇಡಿ! ಅದೇನು ಮಗುವಾ ಮುತ್ತು ಕೊಡೋಕೆ?" ಎಂದು ಅಪ್ಪ ಗದರುವುದು ನನ್ನ ಕೋಣೆಯವರೆಗೆ ಕೇಳುತ್ತಿತ್ತು. ಎರಡನೆಯ ವಾರದ ಹೊತ್ತಿಗೆ ಗದರುವಿಕೆಯ ನಡುವೆ ನಗುವೂ ಕೇಳಿತು. ನನಗೆ ಓದಲಾಗುತ್ತಿರಲಿಲ್ಲ, ಆದರೂ ಬಾಗಿಲು ಹಾಕಿಕೊಳ್ಳಲಿಲ್ಲ.

ಚಳಿಗಾಲದ ಕೊನೆಯ ಭಾನುವಾರ ಹಲ್ಲಿನ ಡಾಕ್ಟರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಖಾಲಿ ಕೋವಿಪೆಟ್ಟಿಗೆ ಹಿಡಿದುಕೊಂಡು ಬಂದರು. ಅಂಗಡಿಯಲ್ಲಿ ನಾವೆಲ್ಲ ಇದ್ದೆವು. ಅಪ್ಪ ಜೋಡುನಳಿಗೆಯನ್ನು ಮಡಚಿ, ಎರಡೂ ನಳಿಗೆ ಖಾಲಿಯೆಂದು ಎಲ್ಲರಿಗೂ ತೋರಿಸಿ, ಅವರ ಕೈಗಿತ್ತರು.

"ಕಣ್ಣು ಮುಚ್ಚಿಕೊಳ್ಳಿ. ಕೋವಿ ಎತ್ತಿ ಭುಜಕ್ಕೆ ಹಾಕಿ. ಅಲುಗಾಡದೆ ಕಣ್ಣು ಬಿಡಿ. ಏನು ಕಾಣುತ್ತೆ ಹೇಳಿ."

ಇದೂ ಅವರ ಹಳೆಯ ಪರೀಕ್ಷೆ. ಮೈಗೆ ಒಪ್ಪುವ ಕೋವಿಯಾದರೆ, ಕಣ್ಣು ಮುಚ್ಚಿ ಏರಿಸಿದರೂ, ತೆರೆದಾಗ ನೋಟ ನಳಿಗೆಯ ಮೇಲೆ ನೇರವಾಗಿ ಹರಿದಿರುತ್ತದೆ. ಡಾಕ್ಟರು ಕಣ್ಣು ಮುಚ್ಚಿದರು, ಎತ್ತಿದರು, ಬಿಟ್ಟರು. ಅವರ ನೀಳ ತೋಳಿಗೆ, ನೀಳ ಕತ್ತಿಗೆ, ಆ ಕೋವಿ ಆಟದ ಸಾಮಾನಿನ ಹಾಗಿತ್ತು. ಮೂಗು ಹೆಬ್ಬೆರಳಿಗೆ ತಾಗಿತ್ತು.

"ಹೆಬ್ಬೆರಳು ಕಾಣ್ತಿದೆ" ಎಂದರು ಡಾಕ್ಟರು. ಅವರು ತುಂಟರೇ ಹೊರತು ಸುಳ್ಳರಲ್ಲ. "ಪ್ರಶಸ್ತವಾದ ಕೋವಿ, ಸಾರ್. ಸ್ವಲ್ಪ ಗಿಡ್ಡ. ಹಿಂದುಗಡೆ ಒಂದು ತುಂಡು ರಬ್ಬರ್ ಸೇರಿಸಿದ್ರೆ..."

"ರಬ್ಬರ್!" ಎಂದರು ಅಪ್ಪ. ಡಾಕ್ಟರ ಪೆಟ್ಟಿಗೆಯ ಮುಚ್ಚಳವನ್ನು ತಾವೇ ಹಾಕಿದರು. "ಅಳಿಯಂದ್ರೇ, ಬನ್ನಿ."

ನಮ್ಮ ಕನ್ನಡಕದವನು ನಮ್ಮಪ್ಪನಷ್ಟೇ ಗಿಡ್ಡ. ಇದು ಮದುವೆಯ ಮಾತುಕತೆಯಲ್ಲಿ ಅವನಿಗೆ ವಿರುದ್ಧವಾಗಿ ಬಂದಿದ್ದ ಅಂಶ. ಅವನು ಕೋವಿ ತೆಗೆದುಕೊಂಡ. ಕಣ್ಣು ಮುಚ್ಚಿದ. ಕೋವಿ ಎಡ ಭುಜಕ್ಕೆ ಏರಿತು. ಈ ಸಲ "ಆಯ್" ಕೇಳಲಿಲ್ಲ. ಕಣ್ಣು ಬಿಟ್ಟ.

"ಏನು ಕಾಣುತ್ತೆ?"

"ನಳಿಗೆ ತುದೀಲಿರೋ ಗುರಿಮಣಿ ಮಾವ. ಬೇರೇನೂ ಇಲ್ಲ."

ಡಾಕ್ಟರು ಬಗ್ಗಿ, ಅವನ ಕೆನ್ನೆಯನ್ನೂ ಮರವನ್ನೂ ಹಲ್ಲು ನೋಡುವ ಶ್ರದ್ಧೆಯಲ್ಲಿ ನೋಡಿದರು. "ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ" ಎಂದು ಒಪ್ಪಿಕೊಂಡರು. "ಆದ್ರೆ ಇವರು ಎಡಗಡೆಯಿಂದ ಒಂದು ತಟ್ಟೆಯನ್ನೂ ಹೊಡೆದಿಲ್ವಲ್ಲ ಸಾರ್?"

"ಹೊಡೆಯೋದನ್ನ ಕಲಿಸಬಹುದು" ಎಂದರು ಅಪ್ಪ. "ನಿಮ್ಮ ಕತ್ತನ್ನ ಗಿಡ್ಡ ಮಾಡೋಕಾಗುತ್ತಾ?"

ಅಂದೇ ಎಲ್ಲರೂ ಕ್ಲಬ್ಬಿಗೆ ಹೋದೆವು. ನಾನು ಅಲ್ಲಿಗೆ ಹೋದದ್ದು ಬಹಳ ವರ್ಷಗಳ ಮೇಲೆ. ಅಲ್ಲಿನ ಚಹಾ ಸುಧಾರಿಸಿಲ್ಲ. ಅವನು ಟೇಪಿಲ್ಲದ ಕನ್ನಡಕದಲ್ಲಿ, ಎಡ ಭುಜದಲ್ಲಿ ಜೋಡುನಳಿಗೆಯಿಟ್ಟು ನಿಂತಾಗ ಕಟ್ಟೆಯ ಮೇಲೆ ಕೂತವರೆಲ್ಲ ಇದೇನು ಹೊಸ ನಾಟಕವೆಂದು ಎದ್ದು ಬಂದರು. ಮೊದಲನೆಯದು ತಪ್ಪಿತು. ಎರಡನೆಯದಕ್ಕೆ ಬೆರಳಿಗೆ ಟ್ರಿಗರೇ ಸಿಗಲಿಲ್ಲ. ಹೀಗೆ ತಟ್ಟೆಗಳು ಒಂದರ ಹಿಂದೊಂದು ಹೋಗಿ ಹುಲ್ಲಿನ ಮೇಲೆ ಕೂರುತ್ತಿದ್ದವು. ಗುಂಡಿಯ ಹೆಂಗಸು ಮತ್ತೆ ಹೆಣಿಗೆ ಎತ್ತಿಕೊಂಡಳು. ಅವನ ಕಿವಿಗಳು ಕೆಂಪಾಗಿದ್ದವು. ಆದರೆ ಒಮ್ಮೆಯೂ ಬೆರಳನ್ನು ನಾಲಗೆಗೆ ಮುಟ್ಟಿಸಲಿಲ್ಲ. ಅಪ್ಪ ಕುರ್ಚಿಯಲ್ಲಿ ಕೂತು, ಕೆಟ್ಟ ಭುಜವನ್ನು ಪ್ರತಿ ಈಡಿಗೂ ತಾವೇ ಹೊಡೆಯುತ್ತಿರುವಂತೆ ಕುಲುಕುತ್ತಿದ್ದರು.

ಡಬ್ಬಿಯಲ್ಲಿ ತೋಟಾಗಳು ಮುಗಿಯುತ್ತಾ ಬಂದಾಗ ಒಂದು ತಟ್ಟೆ ಎಡದಿಂದ ಬಲಕ್ಕೆ ಹಾರಿತು, ಅವನು ಜೀವಮಾನದಲ್ಲಿ ಮುಟ್ಟಲಾಗದ ದಿಕ್ಕಿನಲ್ಲಿ. ಕೋವಿ ಅದರ ಹಿಂದೆಯೇ ಹೋಯಿತು, ಮುಂದಾಯಿತು. ತಟ್ಟೆ ಹೊಗೆಯಾಯಿತು.

ಹಲ್ಲಿನ ಡಾಕ್ಟರು ತೋರುಬೆರಳನ್ನು ನಾಲಗೆಗೆ ಮುಟ್ಟಿಸಿ, ಮೇಲಕ್ಕೆತ್ತಿ, ಸುತ್ತ ನೋಡಿ, "ಗಾಳಿ ನಿಂತುಹೋಯ್ತು" ಎಂದರು.

ಜೋಡುನಳಿಗೆ ಈಗ ತಂಗಿಯ ಮನೆಯಲ್ಲಿದೆ. ಅಪ್ಪ ಪ್ರತಿ ಭಾನುವಾರ ಅದನ್ನು ತರಿಸಿಕೊಂಡು, ಅಳಿಯ ಸರಿಯಾಗಿ ಉಜ್ಜಿಲ್ಲವೆಂದು ಸಾಬೀತುಪಡಿಸಿ, ಮತ್ತೆ ಉಜ್ಜಿ ಕಳಿಸುತ್ತಾರೆ. ಮಹಡಿ ಮನೆಯನ್ನು ಅವನು ಮಾವನ ಅಂಗಡಿಯಲ್ಲೇ ಮಾರಾಟಕ್ಕಿಟ್ಟಿದ್ದಾನೆ. ಅಪ್ಪ ಅದನ್ನು ಬಂದವರಿಗೆಲ್ಲ ಹೊಗಳುತ್ತಾರೆ. ಕನ್ನಡಕದಂಗಡಿಯಲ್ಲೂ ಒಂದು ಬದಲಾವಣೆಯಾಗಿದೆ. ಓದುವ ಕನ್ನಡಕಕ್ಕೆಂದು ಹೋದವರು ಮೊದಲು ಎರಡೂ ಕಣ್ಣು ಬಿಟ್ಟುಕೊಂಡು ಅವನ ಮೂಗು ತೋರಿಸಬೇಕು. ಹೆಡ್‌ಮೇಷ್ಟ್ರ ಹೆಂಡತಿ ತಾವು ಕೋವಿಯನ್ನು ಬಲ ಭುಜಕ್ಕೆ ಏರಿಸಬೇಕಾದವರೆಂಬ ವಿಷಯ ತಿಳಿದುಕೊಂಡು ಮನೆಗೆ ಹೋದರು.

ಕ್ಲಬ್ಬಿನಲ್ಲಿ ಅವನ ಹೆಸರು ಹಾಗೆಯೇ ಇದೆ. ಗುರಿ ಮೊದಲಿಗಿಂತ ಎಷ್ಟೋ ವಾಸಿ, ಆದರೂ ತಪ್ಪದ ದಿನವಿಲ್ಲ. ತಪ್ಪಿದಾಗ ಅವನು ಈಗ ಗಾಳಿಯ ಮಾತು ಎತ್ತುವುದೇ ಇಲ್ಲ. ಕೋವಿ ಇಳಿಸಿ, ಹಣೆಗೆ ಕೈ ಅಡ್ಡ ಹಿಡಿದು, ಆಕಾಶವನ್ನು ಒಮ್ಮೆ ದುರುಗುಟ್ಟಿ ನೋಡಿ, "ಬಿಸಿಲು" ಎನ್ನುತ್ತಾನೆ.